ಅವಳು ಮೇಲೆತ್ತಿದ ಸ್ಕೋರು
ಮನೆ ಕಟ್ಟಲು ಸಾಲ ಕೇಳಿದಾಗ, ನನ್ನ ಕ್ರೆಡಿಟ್ ಸ್ಕೋರ್ ಕೆಟ್ಟಿದೆಯೆಂದು ಚಿಕ್ಕೋಡಿಯ ಬ್ಯಾಂಕ್ ಮ್ಯಾನೇಜರು ಹೇಳಿದರು. ಮದುವೆಗೆ ಮುಂಚೆ ಕೊಂಡ ಬೈಕಿನ ಕೊನೆಯ ಕಂತುಗಳನ್ನು, ಸಾಲ ಕೊಟ್ಟವರ ಮೇಲಿನ ಸಿಟ್ಟಿಗೆ ನಾನು ಕಟ್ಟಿರಲಿಲ್ಲ. ಮಾಸ್ತರನಾದ ನನಗೆ ತಲೆ ಎತ್ತಲಾಗಲಿಲ್ಲ.

ನನ್ನ ಹೆಂಡತಿ ನಮ್ಮೂರು ಏಕಸಂಬಿಯಲ್ಲಿ ಬ್ಲೌಸು ಹೊಲಿಯುತ್ತಿದ್ದಳು. ಓದಿದ್ದು ಏಳನೇ ಇಯತ್ತೆ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಮರುದಿನವೇ ನನ್ನ ಜೊತೆ ಬ್ಯಾಂಕಿಗೆ ಬಂದು, "ಸಾಹೇಬ್ರ, ಕೆಟ್ಟದ್ದು ಹೆಂಗ ಸುಧಾರಸ್ತೈತಿ, ತಿಳಿಯೂ ಹಂಗ ಹೇಳ್ರಿ," ಎಂದಳು. ಅವರು ಹೇಳಿದ್ದನ್ನೆಲ್ಲ ಗಿರಾಕಿಗಳ ಅಳತೆ ಬರೆಯುವ ವಹಿಯಲ್ಲಿ ಬರೆದುಕೊಂಡಳು.

ಮೊದಲು ಬೈಕಿನ ಬಾಕಿ ತೀರಿಸಿದೆವು. ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೆ ಅವಳು ಸಾಲ ಕೊಟ್ಟವರ ಕಚೇರಿಯ ಬೆಂಚು ಬಿಟ್ಟು ಏಳಲಿಲ್ಲ. ಆಮೇಲೆ ತನ್ನ ಹೊಲಿಗೆಯ ಉಳಿತಾಯವನ್ನು ನನ್ನ ಹೆಸರಿನಲ್ಲಿ ಠೇವಣಿ ಇಡಿಸಿ, ಅದರ ಮೇಲೆ ಸಣ್ಣದೊಂದು ಕ್ರೆಡಿಟ್ ಕಾರ್ಡ್ ಕೊಡಿಸಿದಳು. ಅದರಲ್ಲಿ ಕಿರಾಣಿ ಸಾಮಾನು ಮಾತ್ರ ಕೊಳ್ಳಬೇಕು, ಗಡುವಿಗೆ ಮೊದಲೇ ಪೂರ್ತಿ ಕಟ್ಟಬೇಕು. ಎರಡು ವರ್ಷ ಒಂದು ತಿಂಗಳೂ ತಪ್ಪಲಿಲ್ಲ. ತಾನು ಟೈಫಾಯಿಡ್ ಬಂದು ಮಲಗಿದ್ದಾಗಲೂ ನನ್ನನ್ನು ಕರೆದು, "ಇವತ್ತ ಕಾರ್ಡಿಂದು ಕಟ್ಟಿದ್ರಿ ಏನು?" ಎಂದು ಕೇಳಿದ್ದಳು.

ಮತ್ತೆ ಹೋದಾಗ ಮ್ಯಾನೇಜರು ಕಂಪ್ಯೂಟರ್ ಪರದೆಯನ್ನು ನಮ್ಮತ್ತ ತಿರುಗಿಸಿದರು. ಸ್ಕೋರು ಏಳುನೂರೈವತ್ತು ದಾಟಿತ್ತು; ಸಾಲಕ್ಕೆ ಅಷ್ಟು ಸಾಕಿತ್ತು. ಅವರು ಎದ್ದು ನಿಂತು ಅವಳಿಗೆ ಕೈ ಮುಗಿದರು. "ಅಕ್ಕಾರ, ಭಾಳ ಮಂದಿಗೆ ಹೇಳೇನ್ರಿ. ಹಿಂಗ ಪೂರಾ ಮಾಡಿದವ್ರನ್ನ ಇವತ್ತ ನೋಡಿದೆ."

ಹದಿನೈದು ವರ್ಷ ಜೊತೆಗೆ ಬಾಳಿದವಳನ್ನು ನಾನು ನೋಡುತ್ತ ನಿಂತೆ. ಅವಳು ಸೆರಗು ಸರಿಪಡಿಸಿಕೊಂಡು, "ಹಂಗಾರ ಮನಿ ಸಾಲದ ಅರ್ಜಿ ಕೊಡ್ರಿ, ಸಾಹೇಬ್ರ," ಎಂದಳು.