ತಂತುಗಳಲ್ಲಿ ಕಂಡ ಕೈ

ಕಂಡದ್ದಕ್ಕೆಲ್ಲ ಕಾರಣ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕು ಅಷ್ಟೆ ಎಂದು ವಾದಿಸುತ್ತಿದ್ದವಳು ನಾನು. ದೆವ್ವದ ಕತೆ ಹೇಳಿದವರ ಎದುರೇ ನಕ್ಕದ್ದೂ ಉಂಟು. ಈಗ ನಗುವುದಿಲ್ಲ.

ದೊಡ್ಡ ದೂರದರ್ಶಕಗಳಿಗೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಗ್ರಾಫ್ ವಿನ್ಯಾಸ ಮಾಡುವುದು ನನ್ನ ಕೆಲಸ. ಲೋಹದ ತಟ್ಟೆಯಲ್ಲಿ ನೂರಾರು ತೂತು, ಒಂದೊಂದರಲ್ಲೂ ಕೂದಲೆಳೆಯಂಥ ಗಾಜಿನ ತಂತು. ಪ್ರತಿ ತಂತುವೂ ಒಂದೊಂದು ಗೆಲಾಕ್ಸಿಯ ಬೆಳಕನ್ನು ಹಿಡಿದು ತರುತ್ತದೆ. ಆ ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಎಂದು ನೋಡಿ ಗೆಲಾಕ್ಸಿಯ ದೂರ ಲೆಕ್ಕ ಹಾಕುತ್ತೇವೆ. ದೂರದರ್ಶಕವಿರುವ ಬೆಟ್ಟದ ತುದಿಯ ಚಳಿಗೆ ತಂತುಗಳು ಬಿರುಕು ಬಿಡಬಾರದು. ಅದನ್ನು ಪರೀಕ್ಷಿಸಲು, ಹೊನ್ನಾವರದಲ್ಲಿ ಮೀನಿನ ವ್ಯಾಪಾರ ಮಾಡುವ ನನ್ನಣ್ಣನ ಕೋಲ್ಡ್ ಸ್ಟೋರೇಜ್ ಕೇಳಿದೆ. ಮಳೆಗಾಲಕ್ಕೆ ಮೀನುಗಾರಿಕೆ ನಿಂತಿದ್ದ ತಿಂಗಳು, ಕೋಣೆ ಖಾಲಿಯಿತ್ತು.

ತಟ್ಟೆಯ ಎದುರು ದೀಪವಿಟ್ಟು, ತಂತುಗಳ ಇನ್ನೊಂದು ತುದಿಗೆ ಕ್ಯಾಮೆರಾ ಜೋಡಿಸಿ, ಹೊರಗಿನಿಂದಷ್ಟೇ ತೆರೆಯಲು ಬರುವ ಬಾಗಿಲು ಮುಚ್ಚಿ, ಹೊರಗೆ ಲ್ಯಾಪ್‌ಟಾಪ್ ಮುಂದೆ ಕೂತೆ. ಪರದೆಯ ಮೇಲೆ ತಂತುಗಳ ತುದಿಗಳು ಬೆಳಕಿನ ಚುಕ್ಕೆಗಳಾಗಿ ಸಾಲಾಗಿ ಕಾಣುತ್ತಿದ್ದವು. ಊಟದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಚುಕ್ಕೆ ಆರತೊಡಗಿತು. ತಂತುಗಳು ಮುರಿದವು, ವರ್ಷಗಳ ಕೆಲಸ ಹೋಯಿತು ಎಂದುಕೊಂಡೆ. ಆರಿದ ಚುಕ್ಕೆಗಳ ತಂತುಗಳು ತಟ್ಟೆಯಲ್ಲಿ ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತಿಸಿದೆ. ಮೂಡಿದ್ದು ಒಂದು ಅಂಗೈ. ಯಾರೋ ತಟ್ಟೆಗೆ ಕೈ ಒತ್ತಿ ನಿಂತ ಹಾಗೆ.

ಅಣ್ಣನನ್ನು ಕರೆದೆ. ಅವನು ಬಗ್ಗಿ ನೋಡಿದ.

"ಎಂತ ಇದು? ಕಿರುಬೆರಳು ಎಲ್ಲಿ ತಂಗಿ?"

ನಾನು ಅದನ್ನು ಗಮನಿಸಿರಲಿಲ್ಲ. "ಇಲ್ಲ" ಎಂದೆ.

ಅವನು ಥಟ್ಟನೆ ನೆಟ್ಟಗಾದ. ಹೋಗಿ ಬಾಗಿಲನ್ನು ಪೂರ್ತಿ ತೆರೆದ. ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತು ಮೆಲ್ಲಗೆ, ಪರಿಚಯದವರನ್ನು ಕರೆಯುವಂತೆ ಹೇಳಿದ: "ಸುಬ್ರಾಯ, ಬಾಗ್ಲು ತೆಗ್ದಿದೆ ಮಾರಾಯ. ಹೊರಗೆ ಬಾ."

ಒಳಗೆ ಯಾರೂ ಇರಲಿಲ್ಲ. ನೆಲದ ಹಿಮದ ಪುಡಿಯಲ್ಲಿ ನನ್ನ ಚಪ್ಪಲಿಯ ಗುರುತಷ್ಟೇ ಇತ್ತು. ಪರದೆಯತ್ತ ತಿರುಗಿದರೆ ಚುಕ್ಕೆಗಳು ಮತ್ತೆ ಹೊತ್ತಿಕೊಳ್ಳುತ್ತಿದ್ದವು. ನಕ್ಷೆಯಲ್ಲಿ ಮೊದಲು ಅಂಗೈ ಅಳಿಸಿತು, ಆಮೇಲೆ ಒಂದೊಂದೇ ಬೆರಳು.

ಆಮೇಲೆ ದೀಪ, ಕ್ಯಾಮೆರಾ, ಪ್ರತಿಯೊಂದು ತಂತು, ಎಲ್ಲವನ್ನೂ ಪರೀಕ್ಷಿಸಿದೆ. ಒಂದೂ ಕೆಟ್ಟಿರಲಿಲ್ಲ. ಆ ಉಪಕರಣ ಈಗ ಬೆಟ್ಟದ ಮೇಲೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಆ ದಿನ ಬೆಳಕಿಗೆ ಅಡ್ಡ ಬಂದದ್ದು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಸುಬ್ರಾಯ ಯಾರೆಂದು ಅಣ್ಣನನ್ನು ಎಷ್ಟೋ ಸಲ ಕೇಳಿದ್ದೇನೆ. "ನಾ ಯಾರ್ನೂ ಕರೀಲಿಲ್ಲ" ಎನ್ನುತ್ತಾನೆ. ಆದರೆ ಆ ವರ್ಷ ಬೋಟುಗಳು ನೀರಿಗಿಳಿಯುವ ಮೊದಲೇ ಅವನು ಕುಮಟೆಯಿಂದ ವೆಲ್ಡರ್‌ನನ್ನು ಕರೆಸಿ, ಆ ಬಾಗಿಲನ್ನು ಒಳಗಿನಿಂದಲೂ ತೆರೆಯಲು ಬರುವಂತೆ ಮಾಡಿಸಿದ.