ಮಿನಗವಾ ಸಯೋ ಸಹ ಪ್ರಾಧ್ಯಾಪಕಿಯಾದದ್ದು

ನಮ್ಮ ವಿಶ್ವವಿದ್ಯಾಲಯದ ಅಂಗರಚನಾ ವಿಭಾಗದ ಕಚೇರಿಯಲ್ಲಿ ಕೂತು ಕೂದಲು ನರೆಸಿಕೊಂಡವಳು ನಾನು. ಸಹ ಪ್ರಾಧ್ಯಾಪಕರ ಕುರ್ಚಿಗಾಗಿ ಪ್ರೊಫೆಸರರ ಹಿಂದೆ ಸುತ್ತಿದ ಗಂಡಸರನ್ನು ಬೇಕಾದಷ್ಟು ಕಂಡಿದ್ದೇನೆ. ಪ್ರೊಫೆಸರ್ ಓಗುಶಿ ತಾವಾಗಿಯೇ ಕರೆದು ಕೊಟ್ಟರೂ ಒಲ್ಲೆ ಎಂದವರು ಮಿನಗವಾ ಸಯೋ ಒಬ್ಬರೇ.

ಕಾರಣ ನನಗೆ ಗೊತ್ತಿತ್ತು. ನಮ್ಮಲ್ಲಿ ಶವಛೇದನದ ತರಗತಿ ಸಹ ಪ್ರಾಧ್ಯಾಪಕರ ಪಾಲಿನದು. ವಸಂತದ ತರಗತಿಗೆ ಬರಲಿದ್ದ ದೇಹಗಳಲ್ಲಿ ಒಂದು ತ್ಸುಕುದಾ ಗುರುಗಳದು. ಸಯೋಗೆ ಚಾಕು ಹಿಡಿಯಲು ಕಲಿಸಿದವರು ಅವರೇ. ನಿವೃತ್ತರಾದ ಮೇಲೆ ದೇಹವನ್ನು ನಮ್ಮ ವಿಭಾಗಕ್ಕೇ ಬರೆದುಕೊಟ್ಟು, "ಸಯೋ ತರಗತಿಗೇ ಬರ್ತೀನಿ" ಎಂದು ನಕ್ಕಿದ್ದರು. ಹೋದ ವರ್ಷ ತೀರಿಕೊಂಡರು.

"ಗುರುಗಳ ದೇಹವನ್ನ ಬೇರೆ ಕಾಲೇಜಿಗೆ ಕಳಿಸೋಣ್ವಾ?" ಎಂದು ಓಗುಶಿ ಕೇಳಿದರು.

"ಗುರುತಿಲ್ಲದವರ ಮಧ್ಯೆ ಬಿಟ್ಟುಬರೋದಾ ಅವರನ್ನ?" ಎಂದರು ಸಯೋ. ಇಲ್ಲಿಯೂ ಬೇಡ, ಅಲ್ಲಿಯೂ ಬೇಡ. ನನಗೆ ಸಿಟ್ಟೇ ಬಂತು.

ಆ ಚಳಿಗಾಲವೆಲ್ಲ ಸಯೋ ನನ್ನ ಮೇಜಿನ ಬಳಿ ಬಂದು ಕೂರುತ್ತಿದ್ದರು. ಕಿಟಕಿಯಾಚೆ ಬೂದು ಸಮುದ್ರದ ಮೇಲೆ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಅವರ ಚಹಾ ಆರಿಹೋಗುತ್ತಿತ್ತು.

"ನಿನ್ನೇನೂ ಗುರುಗಳು ಕನಸಲ್ಲಿ ಬಂದಿದ್ರು, ಸೊನೊಬೆ-ಸಾನ್. ಛೇದನದ ಕೋಣೆ ಒಳಗೇ ಹಿಮ ಬೀಳ್ತಿತ್ತು. ಮೇಜುಗಳ ಮಧ್ಯೆ ಚಪ್ಪಲಿ ಎಳ್ಕೊಂಡು ಓಡಾಡ್ತಿದ್ರು. ಮನೆಗೆ ಹೋಗಿ ಅಂತ ಎಷ್ಟು ಕೂಗಿದ್ರೂ ತಿರುಗಲೇ ಇಲ್ಲ."

"ಬದುಕಿದ್ದಾಗ್ಲೇ ಹೊತ್ತಿಗೆ ಸರಿಯಾಗಿ ಮನೆ ಸೇರಿದವರಲ್ಲ ಅವರು, ಸೆನ್ಸೇ. ಈಗ ಹೋಗ್ತಾರಾ?" ಎಂದೆ ನಾನು.

ಸಯೋ ನಕ್ಕರು. ನಗುತ್ತಲೇ ಅತ್ತರು. ಮರುದಿನ ಓಗುಶಿಯವರ ಬಳಿ ಹೋಗಿ ಹುದ್ದೆ ಒಪ್ಪಿಕೊಂಡರು.

ಚೆರ್ರಿ ಹೂಗಳ ಕಾಲಕ್ಕೆ ತರಗತಿ ಶುರುವಾಯಿತು. ಯಾರ ದೇಹ ಎಂಬುದನ್ನು ಹುಡುಗರಿಗೆ ಕೊನೆಯ ದಿನ, ಶವಪೆಟ್ಟಿಗೆಯಲ್ಲಿ ಹೂವಿಡುವಾಗ ಮಾತ್ರ ಹೇಳುವುದು ನಮ್ಮ ಪದ್ಧತಿ. ಮೊದಲ ದಿನ ಎಲ್ಲರೂ ದೇಹಗಳಿಗೆ ತಲೆಬಾಗಿ ಕೆಲಸ ಶುರು ಮಾಡಿದರು. ಸಯೋ ಪಾಠವನ್ನೇನೋ ಮಾಡುತ್ತಿದ್ದರು, ಆದರೆ ಗುರುಗಳಿದ್ದ ಕಿಟಕಿ ಪಕ್ಕದ ಮೇಜಿನತ್ತ ಸುಳಿಯುತ್ತಿರಲಿಲ್ಲ. ಅಲ್ಲಿಗೆ ಸಹಾಯಕರನ್ನು ಕಳಿಸುತ್ತಿದ್ದರು. ಹೀಗಾದರೆ ಈ ಹುದ್ದೆ ಎಷ್ಟು ದಿನ ನಡೆದೀತು ಎಂದು ನನಗೆ ಭಯ.

ಒಂದು ಮಧ್ಯಾಹ್ನ ನಾನು ಏನೋ ಕೇಳಲು ಬಾಗಿಲಲ್ಲಿ ನಿಂತಿದ್ದೆ. ಆ ಮೇಜಿನಿಂದ ಹುಡುಗಿಯೊಬ್ಬಳ ದನಿ ಅಳುವಂತೆ ಬಂತು. "ಸೆನ್ಸೇ, ನಾವು ಹಾಳು ಮಾಡಿಬಿಟ್ವಾ? ಈ ರಕ್ತನಾಳ ಪುಸ್ತಕದಲ್ಲಿದ್ದ ಹಾಗಿಲ್ಲ."

ಸಹಾಯಕರಿಗೂ ತಿಳಿಯಲಿಲ್ಲ. ಸಯೋ ಹೋಗಲೇಬೇಕಾಯಿತು. ಗುರುಗಳ ಎಡಗೈ ಮೇಲೆ ಬಾಗಿದವರು ಬಹಳ ಹೊತ್ತು ಏಳಲಿಲ್ಲ.

"ನೀವೇನೂ ಹಾಳು ಮಾಡಿಲ್ಲ" ಎಂದರು ಕೊನೆಗೆ. "ಎಲ್ಲರೂ ಇಲ್ಲಿ ಬನ್ನಿ."

ಆಮೇಲೆ ಕೈ ತೊಳೆದು ನನ್ನ ಬಳಿ ಬಂದರು. ಕಣ್ಣು ಒದ್ದೆ, ಮುಖ ಮಾತ್ರ ಹೊಸದೇನೋ ಕಂಡ ಹುಡುಗಿಯದು.

"ಮೊಣಕೈ ಹತ್ರ ಕವಲೊಡೀಬೇಕಾದ ನಾಳ ಕಂಕುಳಲ್ಲೇ ಕವಲೊಡೆದಿದೆ, ಸೊನೊಬೆ-ಸಾನ್. ಜೀವಮಾನವಿಡೀ ನಮಗೆ ಪುಸ್ತಕದ್ದನ್ನೇ ಕಲಿಸಿದ್ರು. ತಮ್ಮ ಕೈಯೇ ಹೀಗಿದೆ ಅಂತ ಅವರಿಗೂ ಗೊತ್ತಿರ್ಲಿಲ್ಲ."

ಕಚೇರಿಗೆ ಬಂದು ಕೂತುಕೊಳ್ಳಿ, ಚಹಾ ಕೊಡ್ತೀನಿ ಎಂದೆ.

"ಆಮೇಲೆ. ಬಲಗೈ ಇನ್ನೂ ನೋಡಿಲ್ಲ" ಎಂದು ಒಳಗೆ ಹೋದರು.