ಅಕ್ಕನ ಜಾಗದಲ್ಲಿ ಟೀವಿ

ನಮ್ಮ ಯಜಮಾನರ ಮೊದಲನೆಯ ಹೆಂಡತಿಯನ್ನು ನಾನು ಕಂಡಿದ್ದು ಫೋಟೋದಲ್ಲಿ ಮಾತ್ರ. ವಿಜಯನಗರದ ಈ ಮನೆಗೆ ಮದುವೆಯಾಗಿ ಬಂದ ದಿನವೇ ಅತ್ತೆ ನನ್ನನ್ನು ಅದರ ಮುಂದೆ ನಿಲ್ಲಿಸಿ, ಅಕ್ಕನಿಗೆ ಕೈ ಮುಗಿ ಎಂದಿದ್ದರು. ಫೋಟೋದಲ್ಲಿ ಅವಳಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನನಗೀಗ ನಲವತ್ತು ಮುಗಿದಿದೆ, ತಲೆಗೆ ಬಣ್ಣ ಹಚ್ಚುತ್ತೇನೆ, ಆದರೂ ಅವಳೇ ಅಕ್ಕ. ಸತ್ತವರ ಮೇಲೆ ಹೊಟ್ಟೆಕಿಚ್ಚೇ ಎಂದು ಕೇಳುವವರು ಒಮ್ಮೆ ನಮ್ಮ ಹಾಲ್‌ನಲ್ಲಿ ಬಂದು ಕೂರಬೇಕಿತ್ತು. ಸೋಫಾದ ಎದುರಿಗೇ, ಗೋಡೆಯ ಮೇಲುಗಡೆ ಅವಳು; ತಲೆಯ ಮೇಲೊಂದು ಕೆಂಪು ಪುಟ್ಟ ಬಲ್ಬು, ಹಗಲೂ ರಾತ್ರಿ. ಯಜಮಾನರು ಗಾರ್ಮೆಂಟ್ಸ್‌ನಿಂದ ಬಂದವರೇ ಕತ್ತೆತ್ತಿ ಅತ್ತ ನೋಡುತ್ತಿದ್ದರು. ಕಾಫಿ ಹಿಡಿದು ನಿಂತ ನಾನು ಆಮೇಲೆ.

ಹೊಸ ಟೀವಿ ತಂದಾಗ ನನಗೆ ದಾರಿ ಸಿಕ್ಕಿತು. ಪ್ಲಗ್ ಪಾಯಿಂಟ್ ಇದ್ದದ್ದು ಆ ಗೋಡೆಯಲ್ಲೇ. ತೀರಿಕೊಂಡವರ ಫೋಟೋ ದಕ್ಷಿಣದ ಗೋಡೆಯಲ್ಲಿರಬೇಕಂತೆ, ಇಷ್ಟು ವರ್ಷ ತಪ್ಪಾಗಿ ಹಾಕಿದ್ದೀರಿ ಎಂದು ಶಾಸ್ತ್ರ ತೆಗೆದೆ. ದಕ್ಷಿಣದ ಗೋಡೆ ಇರುವುದು ಸೋಫಾದ ಹಿಂದೆ. ಕೂತವರ ಬೆನ್ನು ಅದಕ್ಕೆ. ಯಜಮಾನರು, ಕಂಪನಿಯವರು ಫಿಟ್ ಮಾಡಲು ಬಂದಾಗ ನೋಡೋಣ ಎಂದರು. ಅಷ್ಟರಲ್ಲಿ ಇವರ ಮನಸ್ಸು ಬದಲಾಗುತ್ತದೆಂದು ನನಗೆ ಗೊತ್ತಿತ್ತು.

ಮದುವೆಗೆ ಮುಂಚೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಂತವಳು ನಾನು. ಗೋಡೆ ಯಾವ ಲೆಕ್ಕ? ಮರುದಿನ ಅವರು ಕೆಲಸಕ್ಕೆ ಹೋದದ್ದೇ ತಡ, ಹಾರ್ಡ್‌ವೇರ್ ಅಂಗಡಿಯಿಂದ ಡ್ರಿಲ್ ಬಾಡಿಗೆಗೆ ತಂದೆ. ಸೋಫಾದಲ್ಲಿ ಕೂತಾಗ ಕಣ್ಣಿನ ಮಟ್ಟಕ್ಕೆ ಟೀವಿ ಬರುವಂತೆ ಹಾಕಿ ಎಂದು ಅಂಗಡಿಯವನು ಹೇಳಿದ್ದ. ಆದರೆ ಫೋಟೋ ಇಳಿಸಿದರೆ, ಅದರ ಹಿಂದಿನ ಬಣ್ಣ ಮಾಸದೆ ಫ್ರೇಮಿನಷ್ಟೇ ಚೌಕವಾಗಿ ಉಳಿದಿತ್ತು. ಇಳಿಸಿದರೂ ಹೋಗಲಿಲ್ಲವಲ್ಲ ಇವಳು ಎಂದು ಮೈಯೆಲ್ಲ ಉರಿಯಿತು. ಆ ಚೌಕದ ಮೇಲೆಯೇ ಬ್ರಾಕೆಟ್ ಹಿಡಿದು, ಪೆನ್ಸಿಲಿನಲ್ಲಿ ಗುರುತು ಮಾಡಿ, ತೂತು ಕೊರೆದು, ತೂತಿಗೆ ಪ್ಲಾಸ್ಟಿಕ್ ಬೆಣೆ ಬಡಿದು ಸ್ಕ್ರೂ ಬಿಗಿದೆ. ಟೀವಿ ಎತ್ತಿ ಸಿಕ್ಕಿಸಲು ಮೇಲಿನ ಮನೆ ಆಂಟಿಯನ್ನು ಕರೆದೆ.

“ಇಷ್ಟು ಮೇಲೆ ಯಾಕಮ್ಮ? ಕತ್ತು ನೋವು ಬರುತ್ತೆ,” ಎಂದರು ಆಂಟಿ.

“ಇರ್ಲಿ ಆಂಟಿ, ಅವ್ರಿಗೆ ಅಭ್ಯಾಸ ಇದೆ.”

ಉದ್ದದ ವೈರು ಎಳೆದು, ಅಕ್ಕನನ್ನು ಬಲ್ಬಿನ ಸಮೇತ ಸೋಫಾದ ಹಿಂದಿನ ಗೋಡೆಗೆ, ಸೂರಿನ ಹತ್ತಿರ ನೇತುಹಾಕಿದೆ.

ಸಂಜೆ ಬಂದ ಯಜಮಾನರು ಎರಡೂ ಗೋಡೆ ನೋಡಿದರು. ಒಂದೆರಡು ದಿನ ಮುಖ ಸಪ್ಪಗಿತ್ತು. ಆಮೇಲೆ ಸೋಫಾದಲ್ಲಿ ಕೂತು ನೆಮ್ಮದಿಯಾಗಿ ಕಾಫಿ ಕುಡಿಯತೊಡಗಿದರು, ಅದೂ ಟೀವಿ ಹಾಕದೆ. ಹಾಕ್ಲಾ ಎಂದು ಒಂದು ದಿನ ಕೇಳಿದೆ.

“ಬೇಡ ಕಣೇ, ಹಿಂಗೇ ಇರ್ಲಿ. ಒಳ್ಳೆ ಜಾಗದಲ್ಲಿ ಹಾಕಿದೀಯ.”

ನಾನು ಉಬ್ಬಿಹೋದೆ. ಇವರ ಬಾಯಿಂದ ಅಂಥ ಮಾತು ಬಂದದ್ದೇ ಅಪರೂಪ. ಮೇಲಿನ ಮನೆ ಆಂಟಿಗೂ ಹೇಳಿಕೊಂಡು ಬಂದೆ.

ಆ ವಾರವೇ ಒಂದು ಸಂಜೆ ಅವರು ಮೊಸರು ತರಲು ಹೋಗಿದ್ದರು. ಬೀನ್ಸ್ ನಾರು ತೆಗೆಯಲು ಅವರ ಜಾಗದಲ್ಲಿ ಕೂತವಳು ಸುಮ್ಮನೆ ತಲೆ ಎತ್ತಿದೆ. ಆಫ್ ಆಗಿದ್ದ ಕಪ್ಪು ಟೀವಿಯಲ್ಲಿ, ಕನ್ನಡಿಯಲ್ಲಿ ಕಂಡಂತೆ, ಹಿಂದಿನ ಗೋಡೆಯ ಕೆಂಪು ಬಲ್ಬು. ಅದರ ಕೆಳಗೆ ಅಕ್ಕನ ಮುಖ. ಎದ್ದು ನಿಂತೆ, ಇಲ್ಲ. ಕೂತೆ, ಬಂದಳು. ತಗ್ಗಿನ ಸೋಫಾದಿಂದ ಅಷ್ಟೆತ್ತರದ ಟೀವಿಯಲ್ಲಿ ಕಾಣುತ್ತಿದ್ದದ್ದು ಅವಳೊಬ್ಬಳೇ. ಅಂಗಡಿಯವನು ಹೇಳಿದ ಮಟ್ಟಕ್ಕೆ ಹಾಕಿದ್ದರೆ ಕೂತವರ ಮುಖ ಕಾಣುತ್ತಿತ್ತು, ಪಕ್ಕದಲ್ಲಿ ಕೂತರೆ ನನ್ನದೂ. ಈಗ ಕೆಳಗಿಳಿಸಿದರೆ ಆ ಚೌಕ ಮತ್ತೆ ಹೊರಬೀಳುತ್ತದೆ.

ಗೇಟಿನ ಸದ್ದಾಯಿತು. ಅವರು ಚಪ್ಪಲಿ ಬಿಡುವಷ್ಟರಲ್ಲಿ ರಿಮೋಟ್ ಹುಡುಕಿ ಟೀವಿ ಹಾಕಿದೆ. ಅಂದಿನಿಂದ ಅವರು ಮನೆಯಲ್ಲಿರುವಷ್ಟು ಹೊತ್ತೂ, ಯಾರೂ ನೋಡದಿದ್ದರೂ, ನಮ್ಮ ಟೀವಿ ಓಡುತ್ತಲೇ ಇರುತ್ತದೆ.